ರೆಕ್ಕೆ ಪಡುಬಿದ್ರಿಯಲ್ಲಿ ತಯಾರು, ವಿಂಡ್‌ಮಿಲ್ ಮಾತ್ರ ಇಲ್ಲಿಲ್ಲ: ಯಾಕೆ?

ಹೆದ್ದಾರಿ 66ರಲ್ಲಿ ಮೂಲ್ಕಿ, ಹೆಜಮಾಡಿ, ಪಡುಬಿದ್ರಿ ಅಂತ ಓಡಾಡುವವರಿಗೆ ಈ ನೋಟ ಹೊಸತೇನಲ್ಲ. ಮುಂದೆ ಕೆಂಪು ಬಾವುಟ ಕಟ್ಟಿಕೊಂಡ ಒಂದು ಜೀಪು. ಅದರ ಹಿಂದೆ ಎಷ್ಟು ಹೊತ್ತಾದರೂ ಮುಗಿಯದ ಟ್ರೈಲರ್. ಅದರ ಮೇಲೆ ಬಿಳಿ ಬಣ್ಣದ, ಒಂದು ಕಡೆ ದಪ್ಪ, ಇನ್ನೊಂದು ಕಡೆ ಚೂಪು ಇರುವ ಏನೋ ಒಂದು. ಅದು ತಿರುವು ದಾಟುವವರೆಗೆ ಬಸ್ಸು, ರಿಕ್ಷಾ, ಮೀನಿನ ಲಾರಿ ಎಲ್ಲ ಸುಮ್ನೆ ನಿಂತಿರಬೇಕು.

ಒಮ್ಮೆ ಹೀಗೆ ಸಿಕ್ಕಿಹಾಕಿಕೊಂಡಾಗ ಅಕ್ಕನ ಮಗ ಕೇಳಿದ: "ಮಾಮ, ಇದು ವಿಮಾನದ ರೆಕ್ಕೆಯಾ?" ಅಲ್ಲ ಮಾರಾಯ, ವಿಂಡ್‌ಮಿಲ್‌ನದ್ದು, ಇಲ್ಲೇ ಪಡುಬಿದ್ರಿ ಹತ್ತಿರ ಸುಜ್ಲಾನ್ ಕಂಪನಿ ಇದಕ್ಕೆಂದೇ ಕಾರ್ಖಾನೆ ಹಾಕಿತ್ತು ಅಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದ: "ಹಾಗಾದ್ರೆ ನಮ್ಮ ಗುಡ್ಡೆಯಲ್ಲಿ ಯಾಕೆ ಒಂದೂ ಇಲ್ಲ? ಇಲ್ಲಿ ಗಾಳಿ ಇಲ್ವಾ?"

ನನ್ನ ಹತ್ತಿರ ಸರಿಯಾದ ಉತ್ತರ ಇರಲಿಲ್ಲ. ಹುಡುಕುತ್ತಾ ಹೋದ ಮೇಲೆ ಗೊತ್ತಾಯಿತು, ಗಾಳಿ ಈ ಕಥೆಯಲ್ಲಿ ಅರ್ಧ ಮಾತ್ರ. ಉಳಿದರ್ಧದಲ್ಲಿ ಮನೆ, ತೋಟ, ತಂತಿ, ಮೀನು, ನಾಗಬನ ಎಲ್ಲವೂ ಇವೆ. ಗಾಳಿಯಿಂದ ಕರೆಂಟ್ ಮಾಡುವುದಕ್ಕೆ ಹೊಗೆ ಇಲ್ಲ, ಬೂದಿ ಇಲ್ಲ. ಆದರೂ ಲೋಕದ ಎಷ್ಟೋ ಕಡೆ ಇಂಥ ಯೋಜನೆಗಳು ವರ್ಷಗಟ್ಟಲೆ ಕಾಗದದಲ್ಲೇ ಉಳಿಯುತ್ತವೆ. ಯಾಕೆ ಅಂತ ಬುಡದಿಂದ ನೋಡೋಣ.

ಮೊದಲು ಗಾಳಿಯ ಲೆಕ್ಕ

ವಿಂಡ್‌ಮಿಲ್ ಅಂದರೆ ಉಲ್ಟಾ ಕೆಲಸ ಮಾಡುವ ಫ್ಯಾನ್. ಮನೆಯ ಫ್ಯಾನ್‌ಗೆ ಕರೆಂಟ್ ಕೊಟ್ಟರೆ ಗಾಳಿ ಬರುತ್ತದೆ. ಇದಕ್ಕೆ ಗಾಳಿ ಕೊಟ್ಟರೆ ಕರೆಂಟ್ ಬರುತ್ತದೆ. ಗೋಪುರದ ತುದಿಯಲ್ಲಿರುವ ಪೆಟ್ಟಿಗೆಯೊಳಗೆ ಜನರೇಟರ್ ಇರುತ್ತದೆ. ರೆಕ್ಕೆ ತಿರುಗಿದರೆ ಅದೂ ತಿರುಗುತ್ತದೆ. ಇಂಥ ಹತ್ತಾರು ಯಂತ್ರಗಳನ್ನು ಒಂದೇ ಕಡೆ ನಿಲ್ಲಿಸಿದರೆ ಅದಕ್ಕೆ ವಿಂಡ್ ಫಾರ್ಮ್ ಅನ್ನುತ್ತಾರೆ. ಕನ್ನಡದಲ್ಲಿ ಪವನ ವಿದ್ಯುತ್ ಘಟಕ.

ಇಲ್ಲಿ ಒಂದು ವಿಚಿತ್ರ ಲೆಕ್ಕ ಉಂಟು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಶಕ್ತಿ ಎರಡು ಪಟ್ಟಲ್ಲ, ಎಂಟು ಪಟ್ಟು ಆಗುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಜಾಗಕ್ಕಿಂತ 7 ಮೀಟರ್ ಬೀಸುವ ಜಾಗದಲ್ಲಿ ಸುಮಾರು ಶೇಕಡಾ 60ರಷ್ಟು ಜಾಸ್ತಿ ಶಕ್ತಿ ಇರುತ್ತದೆ. ನಮ್ಮ ಮುಖಕ್ಕೆ ಬಡಿದರೆ ಎರಡರ ನಡುವೆ ವ್ಯತ್ಯಾಸವೇ ತಿಳಿಯದು. ಕಂಪನಿಯ ಲಾಭ ನಷ್ಟ ನಿಂತಿರುವುದು ಮಾತ್ರ ಆ ಒಂದು ಮೀಟರ್ ಮೇಲೆ. ಹಾಗಾಗಿಯೇ ಅವರು ಒಂದು ಬೆಟ್ಟ ಬಿಟ್ಟು ಪಕ್ಕದ ಬೆಟ್ಟಕ್ಕೆ ಹೋಗಿ ಅಂದರೆ ಸುಲಭಕ್ಕೆ ಒಪ್ಪುವುದಿಲ್ಲ.

ಎತ್ತರವೂ ಇದೇ ಲೆಕ್ಕದಿಂದ ಬಂದದ್ದು. ನೆಲದ ಹತ್ತಿರ ಮರ, ಮನೆ, ಗುಡ್ಡೆ ಎಲ್ಲ ಗಾಳಿಗೆ ಅಡ್ಡ. ಮೇಲೆ ಹೋದಷ್ಟೂ ಗಾಳಿ ಜೋರು. ಈಗಿನ ಯಂತ್ರಗಳ ಗೋಪುರವೇ ನೂರು ಮೀಟರ್ ದಾಟುತ್ತದೆ. 120 ಮೀಟರ್ ಗೋಪುರ, 60 ಮೀಟರ್ ರೆಕ್ಕೆ ಅಂತ ಇಟ್ಟುಕೊಳ್ಳಿ. ರೆಕ್ಕೆಯ ತುದಿ ಮೇಲಿದ್ದಾಗ ಎತ್ತರ 180 ಮೀಟರ್. ಮುರ್ಡೇಶ್ವರದ ರಾಜಗೋಪುರ 72 ಮೀಟರ್ ಆಸುಪಾಸು. ಅಂಥ ಎರಡೂವರೆ ಗೋಪುರ ಒಂದರ ಮೇಲೊಂದು! ಆ ರೆಕ್ಕೆಗಳು ತಿರುಗುವ ವೃತ್ತದ ವಿಸ್ತಾರ ಸುಮಾರು ಎರಡೂ ಮುಕ್ಕಾಲು ಎಕರೆ. ಒಂದು ಸಾಧಾರಣ ಅಡಿಕೆ ತೋಟವನ್ನು ಆಕಾಶದಲ್ಲಿ ನಿಲ್ಲಿಸಿದ ಹಾಗೆ.

ಇನ್ನು ಮೆಗಾವ್ಯಾಟ್ ಮತ್ತು ಯೂನಿಟ್. ಪೇಪರಿನಲ್ಲಿ ಇವೆರಡನ್ನೂ ಕಲಸಿ ಬರೆಯುತ್ತಾರೆ, ಓದುವವರಿಗೆ ಗೊಂದಲ. ಮೆಗಾವ್ಯಾಟ್ ಅಂದರೆ ಬಾವಿಗೆ ಇಳಿಸಿದ ಪಂಪಿನ ತಾಕತ್ತು. ಯೂನಿಟ್ ಅಂದರೆ ಆ ಪಂಪು ನಿಜವಾಗಿ ಎತ್ತಿದ ನೀರು. ಪಂಪು ದೊಡ್ಡದಿದ್ದು ದಿನದಲ್ಲಿ ನಾಲ್ಕೇ ಗಂಟೆ ಓಡಿದರೆ ನೀರು ಕಡಿಮೆ ಅಲ್ವಾ? ಗಾಳಿಯೂ ಹಾಗೆ. ಸೆಕೆಂಡಿಗೆ 3-4 ಮೀಟರ್‌ಗಿಂತ ಕಡಿಮೆ ಬೀಸಿದರೆ ಕರೆಂಟ್ ಹುಟ್ಟುವುದಿಲ್ಲ. 25 ಮೀಟರ್ ದಾಟಿದರೆ, ಅಂದರೆ ಗಂಟೆಗೆ 90 ಕಿಲೋಮೀಟರ್, ಯಂತ್ರ ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ. ಇಡೀ ವರ್ಷದ ಲೆಕ್ಕ ತೆಗೆದರೆ ಪೂರ್ತಿ ತಾಕತ್ತಿನ ಶೇಕಡಾ 25ರಿಂದ 35ರಷ್ಟು ಸಿಕ್ಕಿದರೆ ಅದು ಒಳ್ಳೆಯ ಜಾಗ. ಶೇಕಡಾ 30 ಅಂತ ಹಿಡಿದರೆ 2 ಮೆಗಾವ್ಯಾಟ್‌ನ ಒಂದು ಯಂತ್ರ ವರ್ಷಕ್ಕೆ ಸುಮಾರು 52 ಲಕ್ಷ ಯೂನಿಟ್ ಕೊಡುತ್ತದೆ. ತಿಂಗಳಿಗೆ 150 ಯೂನಿಟ್ ಸುಡುವ ಮನೆಗಳಾದರೆ ಸುಮಾರು 2,900 ಮನೆಗೆ ಸಾಕು. ಸಣ್ಣದೇನಲ್ಲ.

ಕಡಲ ತಡಿಯಲ್ಲಿ ಗಾಳಿಗೇನು ಬರ?

ಮಳೆಗಾಲದಲ್ಲಿ ಮಲ್ಪೆ ಬೀಚಿನಲ್ಲಿ ಕೊಡೆ ಬಿಡಿಸಿ ನೋಡಿದವರು ಯಾರೂ ಇಲ್ಲಿ ಗಾಳಿ ಇಲ್ಲ ಅನ್ನಲಾರರು. ಆದರೆ ಜೂನ್, ಜುಲೈ, ಆಗಸ್ಟ್ ಬಿಟ್ಟರೆ? ಚಳಿಗಾಲ, ಬೇಸಿಗೆಯಲ್ಲಿ ಇಲ್ಲಿರುವುದು ಹಗಲು ಕಡಲಿನಿಂದ ಬರುವ ಗಾಳಿ, ರಾತ್ರಿ ನೆಲದಿಂದ ಕಡಲಿಗೆ ಹೋಗುವ ಗಾಳಿ. ಸೆಕೆಗೆ ಹಾಯೆನಿಸಲು ಅದು ಸಾಕು. ನೂರು ಕೋಟಿಗಟ್ಟಲೆ ಹೂಡಿಕೆ ತಿರುಗಿಸಲು ಸಾಲದು. ಮಾರ್ಚ್, ಏಪ್ರಿಲ್‌ನಲ್ಲಿ ರಾಜ್ಯಕ್ಕೆ ಕರೆಂಟ್ ಬೇಕೇ ಬೇಕು ಅನ್ನುವಾಗ ಇಲ್ಲಿನ ಗಾಳಿ ಮಲಗಿರುತ್ತದೆ.

ಜೊತೆಗೆ ಪಶ್ಚಿಮ ಘಟ್ಟದ ಗೋಡೆ. ಮುಂಗಾರಿನ ಗಾಳಿ ಘಟ್ಟಕ್ಕೆ ಬಡಿದು ಮೇಲೇರುತ್ತದೆ, ಮಳೆ ಸುರಿಸುತ್ತದೆ. ಘಟ್ಟದಲ್ಲಿ ಎಲ್ಲಿ ಸಂದು ಇದೆಯೋ ಅಲ್ಲಿ ಮಾತ್ರ ಗಾಳಿ ಒತ್ತಿಕೊಂಡು ನುಗ್ಗುತ್ತದೆ. ಎರಡು ಮನೆಯ ನಡುವಿನ ಓಣಿಯಲ್ಲಿ ಯಾವಾಗಲೂ ಗಾಳಿ ಜಾಸ್ತಿ ಇರುತ್ತದಲ್ಲ, ಹಾಗೆ. ಪಾಲಕ್ಕಾಡ್ ಸಂದಿನ ಆಚೆ ಕೊಯಮತ್ತೂರು ಕಡೆ, ಕನ್ಯಾಕುಮಾರಿ ಹತ್ತಿರದ ಮುಪ್ಪಂದಲ್‌ನಲ್ಲಿ ಸಾಲು ಸಾಲು ವಿಂಡ್‌ಮಿಲ್ ಇರುವುದು ಇದಕ್ಕೇ. ನಮ್ಮ ರಾಜ್ಯದಲ್ಲಿ ಚಿತ್ರದುರ್ಗ, ಗದಗ ಕಡೆಯ ಬೋಳು ಬೆಟ್ಟ, ಬಯಲುಗಳಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಇಲ್ಲಿ ತೆಂಗು, ಅಡಿಕೆ, ಹಲಸು, ಮಾವು ಎಲ್ಲ ಸೇರಿ ಗಾಳಿಯ ಕಾಲು ಹಿಡಿಯುತ್ತವೆ.

2025ರ ಮಾರ್ಚ್ ಹೊತ್ತಿಗೆ ದೇಶದಲ್ಲಿ ಸುಮಾರು 50 ಸಾವಿರ ಮೆಗಾವ್ಯಾಟ್‌ನಷ್ಟು ವಿಂಡ್‌ಮಿಲ್‌ಗಳಿದ್ದವು. ಅದರಲ್ಲಿ 7 ಸಾವಿರಕ್ಕೂ ಹೆಚ್ಚು ಕರ್ನಾಟಕದ್ದು. ಬಹುಪಾಲು ಎಲ್ಲವೂ ಘಟ್ಟದ ಮೇಲೆ. ತಮಾಷೆ ಅಂದರೆ, 1986ರ ಸುಮಾರಿಗೆ ದೇಶದ ಮೊದಲ ವಿಂಡ್ ಫಾರ್ಮ್‌ಗಳು ಎದ್ದದ್ದು ಕಡಲ ಬದಿಯಲ್ಲೇ: ಗುಜರಾತಿನ ಓಖಾ, ಮಹಾರಾಷ್ಟ್ರದ ರತ್ನಾಗಿರಿ, ತಮಿಳುನಾಡಿನ ತೂತ್ತುಕುಡಿ. ಆಗಿನ ಯಂತ್ರಗಳು 55 ಕಿಲೋವ್ಯಾಟ್‌ನವು. ಇವತ್ತಿನವುಗಳ ಮುಂದೆ ಆಟಿಕೆ.

ಒಪ್ಪಿಗೆಯ ಮೆಟ್ಟಿಲುಗಳು

ಒಂದು ಕಂಪನಿ ಇಂಥ ಜಾಗದಲ್ಲಿ ವಿಂಡ್‌ಮಿಲ್ ಹಾಕುತ್ತೇನೆ ಅಂದರೆ ಮೊದಲ ಕೆಲಸ ಗಾಳಿ ಅಳೆಯುವುದು. ತೆಳ್ಳಗಿನ ಉಕ್ಕಿನ ಕಂಬ ನಿಲ್ಲಿಸಿ, ಅದರಲ್ಲಿ ಪುಟ್ಟ ಬಟ್ಟಲುಗಳು ತಿರುಗುವ ಮೀಟರ್ ಕಟ್ಟುತ್ತಾರೆ. ಎಲ್ಲ ಕಾಲದ ಗಾಳಿ ಸಿಗಬೇಕಾದ ಕಾರಣ ಕಡಿಮೆಯೆಂದರೆ ಒಂದು ವರ್ಷ ಕಾಯಬೇಕು. ಆಮೇಲೆ ರಾಜ್ಯದಲ್ಲಿ ಕ್ರೆಡಲ್‌ಗೆ, ಅಂದರೆ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮಕ್ಕೆ ಅರ್ಜಿ. ಕರೆಂಟನ್ನು ಗ್ರಿಡ್‌ಗೆ ಸೇರಿಸಲು ಕೆಪಿಟಿಸಿಎಲ್, ಅಂದರೆ ರಾಜ್ಯದ ವಿದ್ಯುತ್ ಪ್ರಸರಣ ನಿಗಮ ಒಪ್ಪಬೇಕು. ಯಾರಾದರೂ ಅದನ್ನು ಕೊಳ್ಳಬೇಕು.

ಇಷ್ಟು ಎಲ್ಲ ಊರಿಗೂ ಒಂದೇ. ಕರಾವಳಿಯ ತಲೆನೋವು ಶುರುವಾಗುವುದು ಜಾಗದ ಕಾಗದದಲ್ಲಿ. ಎತ್ತರದ ಬೋಳು ಪದವು (ಗುಡ್ಡೆಯ ಮೇಲಿನ ಬಯಲು) ಕಂಡಿತು, ಸರಕಾರಿ ಜಾಗ, ಹಾಕಿಬಿಡೋಣ ಅನ್ನುವಂತಿಲ್ಲ. ಅದು ಯಾರದ್ದೋ ವರ್ಗ (ಪಟ್ಟಾ) ಜಾಗದ ಕುಮ್ಕಿ ಆಗಿರಬಹುದು. ಕುಮ್ಕಿ ಅಂದರೆ ಪಟ್ಟಾ ಜಮೀನಿಗೆ ತಾಗಿಕೊಂಡಿರುವ ಸರಕಾರಿ ಜಾಗ. ಅಲ್ಲಿ ಸೊಪ್ಪು, ಸೌದೆ ತೆಗೆಯುವ ಹಕ್ಕು ಆ ಜಮೀನಿನವರಿಗೆ ಹಿಂದಿನಿಂದ ಬಂದಿದೆ. ಕಾಗದದಲ್ಲಿ ಸರಕಾರದ್ದು, ಬಳಕೆಯಲ್ಲಿ ಅವರದ್ದು. ಅಥವಾ ಅದು ಡೀಮ್ಡ್ ಫಾರೆಸ್ಟ್ ಪಟ್ಟಿಯಲ್ಲಿರಬಹುದು. 1996ರಲ್ಲಿ ಸುಪ್ರೀಂ ಕೋರ್ಟ್, ಕಾಡಿನಂತೆ ಇರುವ ಜಾಗ ಯಾರ ಹೆಸರಲ್ಲಿದ್ದರೂ ಕಾಡೇ ಅಂದಿತು. ಆಗಿನಿಂದ ಈ ಪಟ್ಟಿಯ ಜಗಳ ನಡೆದೇ ಇದೆ. 2022ರಲ್ಲಿ ರಾಜ್ಯ ಸರಕಾರ ಪಟ್ಟಿಯನ್ನು ಸುಮಾರು 3.3 ಲಕ್ಷ ಹೆಕ್ಟೇರ್‌ಗೆ ಇಳಿಸಿತು. ಪಟ್ಟಿಯೊಳಗೆ ಉಳಿದ ಜಾಗವಾದರೆ ದಿಲ್ಲಿಯ ಒಪ್ಪಿಗೆ ಬೇಕು. ಕಡಲ ಉಬ್ಬರದ ಗೆರೆಯಿಂದ 500 ಮೀಟರ್ ಒಳಗಾದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮ. ಬಜಪೆ ವಿಮಾನ ನಿಲ್ದಾಣದ ಸುತ್ತ 20 ಕಿಲೋಮೀಟರ್ ಒಳಗಾದರೆ ಎತ್ತರಕ್ಕೆ ಮಿತಿ. ಅದೂ ಗುಡ್ಡದ ತುದಿಯ ನಿಲ್ದಾಣ. ಸುರತ್ಕಲ್, ಕಿನ್ನಿಗೋಳಿ ಕಡೆ 180 ಮೀಟರ್ ಯಂತ್ರ ಅಂದರೆ ಅಲ್ಲಿಯೇ ತಡೆ ಬೀಳುವ ಸಾಧ್ಯತೆ ಜಾಸ್ತಿ.

ಇಷ್ಟೆಲ್ಲ ಇದ್ದರೂ ಒಂದು ಮೆಟ್ಟಿಲು ಇಲ್ಲ, ಮತ್ತು ಅದು ತುಂಬ ಜನರಿಗೆ ಗೊತ್ತಿಲ್ಲ. ಎಲ್ಲೂರಿನ ಕಲ್ಲಿದ್ದಲು ಸ್ಥಾವರದಂಥ ಯೋಜನೆಗಳಿಗೆ ಪರಿಸರ ಪರಿಣಾಮದ ಅಧ್ಯಯನ ಮಾಡಬೇಕು, ಊರವರ ಅಹವಾಲು ಸಭೆ ನಡೆಸಬೇಕು. ಅದನ್ನು ಹೇಳುವುದು ಕೇಂದ್ರದ 2006ರ ಅಧಿಸೂಚನೆ. ಆ ಅಧಿಸೂಚನೆಯ ಪಟ್ಟಿಯಲ್ಲಿ ಪವನ ವಿದ್ಯುತ್ ಇಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಇದು ಬಿಳಿ ವರ್ಗ, ಅಂದರೆ ಮಾಲಿನ್ಯ ಇಲ್ಲವೆನ್ನುವಷ್ಟು ಕಡಿಮೆ. ಹೊಗೆಯ ಲೆಕ್ಕದಲ್ಲಿ ಇದು ಸರಿಯೇ. ಆದರೆ ಪರಿಣಾಮ ಏನೆಂದರೆ, ಮೈಕ್ ಹಿಡಿದು ಪ್ರಶ್ನೆ ಕೇಳುವ ಸಭೆ ಕಡ್ಡಾಯ ಅಲ್ಲ. ಊರವರಿಗೆ ವಿಷಯ ಗೊತ್ತಾಗುವುದು ಗುಡ್ಡೆಗೆ ಜೆಸಿಬಿ ಬಂದ ಮೇಲೆ. ವಿರೋಧ ಅಷ್ಟು ತಡವಾಗಿ ಮತ್ತು ಅಷ್ಟು ಜೋರಾಗಿ ಏಳುವುದಕ್ಕೆ ಇದೂ ಒಂದು ಕಾರಣ ಅಂತ ನನಗೆ ಅನ್ನಿಸುತ್ತದೆ.

500 ಮೀಟರ್ ಒಳಗೆ ಮನೆ ಇರಬಾರದು

ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯದ 2016ರ ಮಾರ್ಗಸೂಚಿಯಲ್ಲಿ ಎರಡು ದೂರ ಹೇಳಿದ್ದಾರೆ. ರಸ್ತೆ, ರೈಲು ಹಳಿ, ಕಟ್ಟಡ, ದೊಡ್ಡ ವಿದ್ಯುತ್ ಲೈನ್‌ಗಳಿಂದ ಗೋಪುರದ ಎತ್ತರ, ಅದಕ್ಕೆ ರೆಕ್ಕೆಗಳ ಸುತ್ತಿನ ಅರ್ಧ ಅಗಲ, ಮತ್ತೆ 5 ಮೀಟರ್ ಸೇರಿಸಿದಷ್ಟು ದೂರ ಇರಬೇಕು. ನಮ್ಮ ಉದಾಹರಣೆಯ ಯಂತ್ರಕ್ಕೆ 185 ಮೀಟರ್. ಯಂತ್ರ ಬುಡ ಸಹಿತ ಮಗುಚಿದರೂ ರಸ್ತೆಗೆ ಬೀಳಬಾರದು ಅನ್ನುವ ಸಾದಾ ಲೆಕ್ಕ ಇದು. ಇನ್ನೊಂದು, ಸದ್ದಿನ ಕಾರಣಕ್ಕೆ ಜನ ವಾಸವಿರುವ ಮನೆಯಿಂದ 500 ಮೀಟರ್.

ಆ 500 ಮೀಟರ್ ಓದಿದ ಮೇಲೆ ನನಗೆ ಅಳಿಯನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಗದಗದ ಕಡೆ ಊರೆಂದರೆ ಮನೆಗೆ ಮನೆ ಅಂಟಿಕೊಂಡ ಗುಂಪು. ಊರು ದಾಟಿದರೆ ಹೊಲ, ಹೊಲ, ಹೊಲ. ಮುಂದಿನ ಊರು ಬರುವವರೆಗೆ ಮನೆಯೇ ಇಲ್ಲ. ನಮ್ಮಲ್ಲಿ ಹಾಗಲ್ಲ. ಗುಡ್ಡೆಯ ಬುಡಕ್ಕೊಂದು ಮನೆ, ಗದ್ದೆ ಬದಿಗೊಂದು, ತೋಟದ ನಡುವೆ ಒಂದು. ಪಕ್ಕದ ಮನೆಗೆ ಹೋಗಬೇಕಾದರೆ ಎರಡು ತಡಮೆ ದಾಟಬೇಕು. ಊರು ಎಲ್ಲಿ ಮುಗಿಯಿತು, ಎಲ್ಲಿ ಶುರುವಾಯಿತು ಅಂತ ಬೋರ್ಡ್ ನೋಡಿಯೇ ತಿಳಿಯಬೇಕು. ಒಂದು ಮನೆಯ ಸುತ್ತ 500 ಮೀಟರ್ ವೃತ್ತ ಎಳೆದರೆ ಅದರೊಳಗೆ ಸುಮಾರು 194 ಎಕರೆ ಬರುತ್ತದೆ. ಉಡುಪಿ ಜಿಲ್ಲೆಯ ನಕ್ಷೆಯಲ್ಲಿ ಪ್ರತಿ ಮನೆಗೂ ಇಂಥ ಒಂದೊಂದು ವೃತ್ತ ಎಳೆದು ನೋಡಿ. ಕಾಡು ಬಿಟ್ಟರೆ ಬಿಳಿ ಜಾಗ ಎಷ್ಟು ಉಳಿದೀತು? ಉಳಿದ ಕಾಡಿನಲ್ಲಿ ಕುದುರೆಮುಖ ರಾಷ್ಟ್ರೀಯ ಉದ್ಯಾನ, ಸೋಮೇಶ್ವರ, ಮೂಕಾಂಬಿಕಾ ಅಭಯಾರಣ್ಯಗಳಿವೆ.

ಬೇಡ ಅನ್ನುವವರು ಹೇಳುವುದೇನು?

ಸದ್ದು ಮೊದಲು ಬರುತ್ತದೆ. ಯಂತ್ರದ ಹತ್ತಿರ ನಿಂತರೆ ಜೋರು. ಅರ್ಧ ಕಿಲೋಮೀಟರ್ ದೂರಕ್ಕೆ ಬರುವಾಗ ಫ್ರಿಡ್ಜ್‌ನ ಸದ್ದಿನ ಮಟ್ಟಕ್ಕೆ ಇಳಿಯುತ್ತದೆ. ವಾಸದ ಪ್ರದೇಶಕ್ಕೆ ನಮ್ಮ ಕಾನೂನು ಹಾಕಿರುವ ಮಿತಿ ರಾತ್ರಿ 45 ಡೆಸಿಬೆಲ್. ಅದರೊಳಗೇ ಇದ್ದರೂ ಜನ ದೂರುತ್ತಾರೆ, ಯಾಕೆಂದರೆ ಇದು ಒಂದೇ ಸಮನೆಯ ಸದ್ದಲ್ಲ. ವೂಶ್, ವೂಶ್ ಅಂತ ತಾಳ ಹಾಕುತ್ತದೆ. ನಲ್ಲಿಯಿಂದ ತೊಟ್ಟಿಕ್ಕುವ ನೀರು ಎಷ್ಟು ಸಣ್ಣ ಸದ್ದು, ಆದರೂ ರಾತ್ರಿ ನಿದ್ದೆ ಕೆಡಿಸುವುದಿಲ್ಲವೇ?

ನೆರಳಿನದ್ದೂ ಒಂದು ಸಮಸ್ಯೆ. ಬೆಳಿಗ್ಗೆ, ಸಂಜೆ ಸೂರ್ಯ ತಗ್ಗಿನಲ್ಲಿದ್ದಾಗ ತಿರುಗುವ ರೆಕ್ಕೆಯ ನೆರಳು ಬಹಳ ದೂರ ಹೋಗಿ ಬೀಳುತ್ತದೆ. ಕಿಟಕಿಯಲ್ಲಿ ಬೆಳಕು, ಕತ್ತಲೆ, ಬೆಳಕು, ಕತ್ತಲೆ. ಯಾವ ದಿನ ಯಾವ ಮನೆಗೆ ಎಷ್ಟು ನಿಮಿಷ ಅಂತ ಮೊದಲೇ ಲೆಕ್ಕ ಹಾಕಬಹುದು, ಆ ಹೊತ್ತು ಯಂತ್ರ ನಿಲ್ಲಿಸಲೂಬಹುದು. ನಿಲ್ಲಿಸಿದರೆ ಕಂಪನಿಗೆ ನಷ್ಟ, ಅಷ್ಟೇ.

ಹಕ್ಕಿಗಳ ವಿಷಯ ಸ್ವಲ್ಪ ನಿಧಾನವಾಗಿ ನೋಡಬೇಕು. ರೆಕ್ಕೆ ದೂರಕ್ಕೆ ಸೋಮಾರಿಯಂತೆ ತಿರುಗುವ ಹಾಗೆ ಕಾಣುತ್ತದೆ. 60 ಮೀಟರ್ ರೆಕ್ಕೆ ನಿಮಿಷಕ್ಕೆ 12 ಸುತ್ತು ಹಾಕಿದರೆ ಅದರ ತುದಿಯ ವೇಗ ಗಂಟೆಗೆ ಸುಮಾರು 270 ಕಿಲೋಮೀಟರ್. ಕೆಳಗೆ ಬೇಟೆ ನೋಡುತ್ತಾ ತೇಲುವ ಗಿಡುಗಕ್ಕೆ ಅದು ಅಂದಾಜಾಗುವುದಿಲ್ಲ. ಪಶ್ಚಿಮ ಘಟ್ಟದ್ದೇ ಒಂದು ಉದಾಹರಣೆ ಇದೆ. ಮಹಾರಾಷ್ಟ್ರದ ಸಾತಾರಾ ಹತ್ತಿರ ಚಾಳಕೆವಾಡಿ ಅನ್ನುವ ಕಡೆ, ಬೆಟ್ಟದ ಮೇಲಿನ ಬಯಲಿನಲ್ಲಿ ಬಹಳ ವರ್ಷದಿಂದ ವಿಂಡ್‌ಮಿಲ್‌ಗಳಿವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಲ್ಲಿ ಅಧ್ಯಯನ ಮಾಡಿ 2018ರಲ್ಲಿ ಪ್ರಕಟಿಸಿದರು. ಯಂತ್ರ ಇಲ್ಲದ ಜಾಗಕ್ಕೆ ಹೋಲಿಸಿದರೆ ಯಂತ್ರ ಇರುವಲ್ಲಿ ಬೇಟೆಯ ಹಕ್ಕಿಗಳು ಸುಮಾರು ನಾಲ್ಕನೇ ಒಂದರಷ್ಟು ಮಾತ್ರ. ಗಿಡುಗ ಕಡಿಮೆಯಾದದ್ದರಿಂದ ಅಲ್ಲಿನ ಓತಿಗಳು ಹೆಚ್ಚಿದವು. ಅವಕ್ಕೆ ಹೆದರಿಕೆಯೂ ಕಡಿಮೆಯಾಯಿತು, ಮನುಷ್ಯ ಹತ್ತಿರ ಬರುವವರೆಗೂ ಓಡುವುದಿಲ್ಲ! ಮೇಲೆ ತಿರುಗುವ ಒಂದು ರೆಕ್ಕೆ ಕೆಳಗೆ ಕಲ್ಲಿನ ಮೇಲೆ ಕೂತ ಓತಿಯ ಸ್ವಭಾವ ಬದಲಿಸಿತು ಅಂದರೆ ನಂಬುವುದು ಕಷ್ಟ, ಆದರೆ ಅಳೆದು ನೋಡಿದ್ದು. ಚಾಳಕೆವಾಡಿಯೂ ನಮ್ಮ ಪದವುಗಳ ಹಾಗೆ ಮುರಕಲ್ಲಿನ (ಜಂಬಿಟ್ಟಿಗೆ) ನೆಲ.

ಮುರಕಲ್ಲು ಅಂದ ಮೇಲೆ ನೀರು ನೆನಪಾಗಬೇಕು. ಮಳೆನೀರು ಕುಡಿದು ನಿಧಾನವಾಗಿ ಒರತೆಗೆ ಬಿಡುವುದು ಈ ಪದವುಗಳೇ. ಬಂಟ್ವಾಳ, ಕಾಸರಗೋಡು ಕಡೆ ಗುಡ್ಡೆ ಕೊರೆದ ಸುರಂಗಗಳಿಂದ ತೋಟಕ್ಕೆ ನೀರು ಬರುತ್ತದೆ. ಒಂದು ಯಂತ್ರದ ಬುಡಕ್ಕೆ ನೂರಾರು ಘನ ಮೀಟರ್ ಕಾಂಕ್ರೀಟ್ ಬೇಕು. 60 ಮೀಟರ್ ರೆಕ್ಕೆ ಹೊತ್ತ ಟ್ರೈಲರ್ ತಿರುಗುವಷ್ಟು ಅಗಲದ ರಸ್ತೆ ಗುಡ್ಡೆಯ ತುದಿಯವರೆಗೆ ಬೇಕು. ಅಗೆತ, ಸ್ಫೋಟದಿಂದ ಒರತೆಯ ದಾರಿ ತಪ್ಪೀತೇ ಅನ್ನುವ ಭಯ ಅಡ್ಡ ಹಾಕುವ ನೆಪವಲ್ಲ. ಉತ್ತರ ಪ್ರತಿ ಗುಡ್ಡೆಗೂ ಬೇರೆ ಬೇರೆ, ಪರೀಕ್ಷೆ ಮಾಡಿಯೇ ಹೇಳಬೇಕು.

ದುಡ್ಡಿನ ಮಾತನ್ನು ಸಭೆಯಲ್ಲಿ ಯಾರೂ ಜೋರಾಗಿ ಹೇಳುವುದಿಲ್ಲ, ಆದರೆ ಮನೆಯಲ್ಲಿ ಅದೇ ಮಾತು. ಒಬ್ಬರು ತಮ್ಮ ಟೆರೇಸಿನಲ್ಲಿ ಮೊಬೈಲ್ ಟವರ್ ಹಾಕಿಸಿದರೆ ಬಾಡಿಗೆ ಅವರಿಗೆ, ಟವರ್ ನೋಡುತ್ತಾ ಕೂರುವುದು ಸುತ್ತಲಿನ ಇಪ್ಪತ್ತು ಮನೆಗೆ. ವಿಂಡ್‌ಮಿಲ್ ಇದೇ ಜಗಳದ ದೊಡ್ಡ ರೂಪ. ಜಾಗ ಕೊಟ್ಟವರಿಗೆ ಗುತ್ತಿಗೆ ಹಣ. ಪಕ್ಕದವರಿಗೆ ಸದ್ದು, ನೆರಳು. ಕರೆಂಟ್ ಬೆಂಗಳೂರಿಗೆ.

ತಂತಿಯ ಜಗಳ ನಮಗೆ ಹೊಸತಲ್ಲ

ಕರೆಂಟ್ ಹುಟ್ಟಿದರೆ ಸಾಲದು, ಸಾಗಬೇಕು. ಈ ಪಾಠ ಅವಿಭಜಿತ ದಕ್ಷಿಣ ಕನ್ನಡಕ್ಕೆ ಚೆನ್ನಾಗಿ ಗೊತ್ತು. ನಂದಿಕೂರಿನಲ್ಲಿ ಕಲ್ಲಿದ್ದಲು ಸ್ಥಾವರ ಹಾಕಲು ಬಂದ ಅಮೆರಿಕದ ಕೊಜೆಂಟ್ರಿಕ್ಸ್ ಕಂಪನಿ 1999ರ ಕೊನೆಗೆ ಹಿಂದೆ ಹೋಯಿತು. ಮುಂದೆ ಅದೇ ಸುತ್ತಿನ ಎಲ್ಲೂರಿನಲ್ಲಿ 1,200 ಮೆಗಾವ್ಯಾಟ್ ಸ್ಥಾವರ ಎದ್ದಿತು. ಈಗ ಅಲ್ಲಿಂದ ಕಾಸರಗೋಡಿಗೆ ನೂರು ಕಿಲೋಮೀಟರ್‌ಗೂ ಉದ್ದದ 400 ಕೆ.ವಿ. (ಕಿಲೋವೋಲ್ಟ್) ವಿದ್ಯುತ್ ಲೈನ್ ಎಳೆಯುವ ಯೋಜನೆಗೆ ಇನ್ನಾದಿಂದ ವಿಟ್ಲದವರೆಗೆ ಕೃಷಿಕರ ವಿರೋಧ.

ಯಾಕೆ ಅಷ್ಟು ಸಿಟ್ಟು ಅಂತ ಘಟ್ಟದ ಮೇಲಿನವರು ಕೇಳುತ್ತಾರೆ. ಭತ್ತ, ಜೋಳದ ಹೊಲದ ಮೇಲೆ ತಂತಿ ಹೋದರೆ ಕೆಳಗೆ ಬೆಳೆ ಬೆಳೆಯಬಹುದು. ಅಡಿಕೆ, ತೆಂಗು ಹಾಗಲ್ಲ. ಅವು ಎತ್ತರದ ಮರ. 400 ಕೆ.ವಿ. ಲೈನ್ ಕೆಳಗೆ 46 ಮೀಟರ್ ಅಗಲದ ಪಟ್ಟಿಯಲ್ಲಿ ಎತ್ತರದ ಮರ ಇರಬಾರದು. ಎರಡು ಎಕರೆ ತೋಟದ ನಡುವೆ ಆ ಪಟ್ಟಿ ಹಾದರೆ ಉಳಿಯುವುದೇನು?

ಕಾನೂನು ಕೂಡ ಬೇರೆ. ವಿಂಡ್‌ಮಿಲ್‌ಗೆ ಜಾಗದ ಯಜಮಾನ ಇಲ್ಲ ಅಂದರೆ ಇಲ್ಲ, ಮುಗಿಯಿತು. ಲೈನ್‌ಗೆ ಹಾಗಲ್ಲ. 2003ರ ವಿದ್ಯುತ್ ಕಾಯ್ದೆಯ 164ನೇ ಸೆಕ್ಷನ್ ಪ್ರಕಾರ, ಲೈನ್ ಎಳೆಯುವವರಿಗೆ 1885ರ ಟೆಲಿಗ್ರಾಫ್ ಕಾಯ್ದೆಯ ಅಧಿಕಾರ ಕೊಡಬಹುದು. ಬ್ರಿಟಿಷರು ತಂತಿ ಸುದ್ದಿಗೆ ಮಾಡಿಕೊಂಡ ಕಾನೂನು. ಅದರಲ್ಲಿ ಜಾಗ ಕೊಂಡುಕೊಳ್ಳಬೇಕಾಗಿಲ್ಲ, ಜಾಗ ನಿಮ್ಮ ಹೆಸರಲ್ಲೇ ಇರುತ್ತದೆ, ತಂತಿ ಮೇಲೆ ಹೋಗುತ್ತದೆ, ಪರಿಹಾರ ಸಿಗುತ್ತದೆ. ಅಡ್ಡ ಹಾಕಿದರೆ ವಿಷಯ ಜಿಲ್ಲಾಧಿಕಾರಿಯ ಮುಂದೆ ಹೋಗುತ್ತದೆ. ಪರಿಹಾರದ ಮಟ್ಟವನ್ನು ಕೇಂದ್ರ 2024ರ ಜೂನ್‌ನಲ್ಲಿ ಏರಿಸಿತು: ಟವರ್ ನಿಂತ ಜಾಗಕ್ಕೆ ಭೂಮಿಯ ಬೆಲೆಯ ಶೇಕಡಾ 200, ತಂತಿಯ ಕೆಳಗಿನ ಪಟ್ಟಿಗೆ ಶೇಕಡಾ 30. ಮೊದಲು ಇವು 85 ಮತ್ತು 15 ಇದ್ದವು. ಜಾಗವನ್ನೇನೋ ಬಿಟ್ಟುಕೊಡಬೇಕಿಲ್ಲ, ಆದರೆ ಅದರಲ್ಲಿ ತೋಟ ಇಡುವಂತೆಯೂ ಇಲ್ಲ.

ತಂತಿಯ ಇನ್ನೊಂದು ಕಥೆ ರಾಜಸ್ಥಾನದ್ದು. ಅಲ್ಲಿ ಉಳಿದ ಬೆರಳೆಣಿಕೆಯ ಹೆಬ್ಬಕ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗಳು ಲೈನ್‌ಗೆ ಬಡಿದು ಸಾಯುತ್ತಿದ್ದ ಕಾರಣ ಸುಪ್ರೀಂ ಕೋರ್ಟ್ 2021ರಲ್ಲಿ ತಂತಿಗಳನ್ನು ನೆಲದಡಿ ಹಾಕಿ ಅಂದಿತು. ಅಷ್ಟು ದೊಡ್ಡ ಪ್ರದೇಶದಲ್ಲಿ ಅದು ಆಗದ ಕೆಲಸ ಅಂತ ಸರಕಾರ ಹೇಳಿತು. 2024ರಲ್ಲಿ ಕೋರ್ಟ್ ಆದೇಶ ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು.

ಹಾಗಾದರೆ ಕಡಲಲ್ಲೇ ಹಾಕಬಾರದಾ?

ಕಡಲಲ್ಲಿ ಮನೆ ಇಲ್ಲ, ಮರ ಇಲ್ಲ, ಕುಮ್ಕಿ ಇಲ್ಲ. ಗಾಳಿಗೆ ಅಡ್ಡವೂ ಇಲ್ಲ. ಡೆನ್ಮಾರ್ಕ್ 1991ರಲ್ಲೇ ವಿಂಡೆಬಿ ಅನ್ನುವಲ್ಲಿ ಕಡಲಲ್ಲಿ 11 ಯಂತ್ರ ನಿಲ್ಲಿಸಿತು. ಭಾರತ ಇದಕ್ಕೆ ನೀತಿ ಮಾಡಿದ್ದು 2015ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿಯ ನೆರವಿಗೆ ಒಪ್ಪಿತು. ಅದು ಸಾವಿರ ಮೆಗಾವ್ಯಾಟ್‌ಗೆ. ಅರ್ಧ ಗುಜರಾತ್ ಕಡಲಿಗೆ, ಅರ್ಧ ತಮಿಳುನಾಡಿನದ್ದಕ್ಕೆ. ಕಡಲಲ್ಲಿ ಗಾಳಿ ವರ್ಷವಿಡೀ ಚೆನ್ನಾಗಿರುವ ಜಾಗಗಳು ಅವು. ಕರ್ನಾಟಕ ಆ ಮೊದಲ ಹಂತದಲ್ಲಿಲ್ಲ.

ಮುಂದೆ ಬಂದರೆ ಮೊದಲ ಪ್ರಶ್ನೆ ಕೇಳುವುದು ಮಲ್ಪೆ ಬಂದರು ಮತ್ತು ಮಂಗಳೂರಿನ ದಕ್ಕೆ. ಕಡಲು ದಡದವರಿಗೆ ಖಾಲಿಯಾಗಿ ಕಾಣುತ್ತದೆ. ಮೀನುಗಾರರಿಗೆ ಅದು ಗದ್ದೆ. ಯಾವ ಜಾಗದಲ್ಲಿ ಏನು ಸಿಗುತ್ತದೆ, ಬಂಗುಡೆ ಯಾವಾಗ ಮೇಲೆ ಬರುತ್ತದೆ ಅಂತ ಅವರಿಗೆ ಗೊತ್ತು. ಟ್ರಾಲ್ ಬೋಟ್ ಬಲೆಯನ್ನು ತಳದಲ್ಲಿ ಎಳೆಯುತ್ತದೆ. ಯಂತ್ರಗಳ ನಡುವೆ ಕೇಬಲ್ ಹಾದಿದ್ದರೆ ಅಲ್ಲಿ ಎಳೆಯುವಂತಿಲ್ಲ. ಸುತ್ತಿ ಹೋದರೆ ಡೀಸೆಲ್ ಖರ್ಚು. ಯಂತ್ರದ ಬುಡ ಕೃತಕ ಬಂಡೆಯಂತಾಗಿ ಮೀನು ಸೇರುತ್ತದೆ ಅನ್ನುವ ಮಾತೂ ಸುಳ್ಳಲ್ಲ, ಯುರೋಪಿನಲ್ಲಿ ಕಂಡಿದ್ದಾರೆ. ಆದರೆ ಸೇರಿದ ಮೀನನ್ನು ಹಿಡಿಯಲು ಬಿಡುತ್ತಾರೋ ಇಲ್ಲವೋ ಅನ್ನುವುದೇ ಪ್ರಶ್ನೆ. ನಾಡದೋಣಿಯವರಿಗೂ ಟ್ರಾಲ್‌ನವರಿಗೂ ಪರಿಣಾಮ ಒಂದೇ ಅಲ್ಲ. ದಡದಿಂದ 12 ನಾಟಿಕಲ್ ಮೈಲಿವರೆಗೆ, ಅಂದರೆ ಸುಮಾರು 22 ಕಿಲೋಮೀಟರ್, ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ಆಚೆಗೆ ಕೇಂದ್ರ.

ಒಂದು ಸಣ್ಣ ವಿಶೇಷ: ಗಾಳಿ ಅತಿ ಜೋರಿರುವ ಜೂನ್, ಜುಲೈ ತಿಂಗಳಲ್ಲಿ ಇಲ್ಲಿ ಯಾಂತ್ರಿಕ ಮೀನುಗಾರಿಕೆಗೆ ರಜೆ. ಆದರೆ ಯಂತ್ರದ ಬುಡ, ಕೇಬಲ್‌ಗಳಿಗೆ ರಜೆ ಇಲ್ಲವಲ್ಲ. ಆಗಸ್ಟ್‌ನಲ್ಲಿ ಬೋಟು ಇಳಿಯುವಾಗಲೂ ಅವು ಅಲ್ಲಿಯೇ ಇರುತ್ತವೆ.

ಒಂದು ಮುಳುಗಿತು, ಒಂದು ನಿಂತಿತು

ಅಮೆರಿಕದ ಕೇಪ್ ಕಾಡ್ ಕಡಲಲ್ಲಿ 130 ಯಂತ್ರ ಹಾಕುವ ಕೇಪ್ ವಿಂಡ್ ಯೋಜನೆ 2001ರಲ್ಲಿ ಬಂತು. ದಡದಲ್ಲಿ ಶ್ರೀಮಂತರ ಬಂಗಲೆಗಳು, ಮೀನುಗಾರರು, ಉದಯಿಸುವ ಸೂರ್ಯನನ್ನು ಪೂಜಿಸುವ ಮೂಲನಿವಾಸಿಗಳು. ಎಲ್ಲರಿಗೂ ಬೇರೆ ಬೇರೆ ಕಾರಣ, ಎಲ್ಲರೂ ಬೇಡ ಅಂದರು. ಕೇಸಿನ ಮೇಲೆ ಕೇಸು. 2010ರಲ್ಲಿ ಸರಕಾರದ ಒಪ್ಪಿಗೆ ಸಿಕ್ಕಿತು, ಅಷ್ಟರಲ್ಲಿ ತಡವಾಗಿತ್ತು. 2015ರಲ್ಲಿ ಕರೆಂಟ್ ಕೊಳ್ಳುವ ಒಪ್ಪಂದ ಮುರಿಯಿತು. 2017ರಲ್ಲಿ ಕಂಪನಿ ಕೈಬಿಟ್ಟಿತು. ಹದಿನಾರು ವರ್ಷ, ಒಂದು ಯಂತ್ರವೂ ಇಲ್ಲ.

ಡೆನ್ಮಾರ್ಕಿನ ಕೋಪನ್‌ಹೇಗನ್ ಎದುರಿನ ಮಿಡಲ್‌ಗ್ರುಂಡನ್ ಬೇರೆ ದಾರಿ ಹಿಡಿಯಿತು. ಅದೂ ರಾಜಧಾನಿಯ ಕಣ್ಣೆದುರೇ, ಮೂರೂವರೆ ಕಿಲೋಮೀಟರ್ ದೂರದಲ್ಲಿ. ಮೊದಲ ಯೋಜನೆಯಲ್ಲಿ ಮೂರು ಸಾಲಿನಲ್ಲಿ 27 ಯಂತ್ರ ಇದ್ದವು. ಜನ ಚೆನ್ನಾಗಿ ಕಾಣುವುದಿಲ್ಲ ಅಂದರು. ಯೋಜನೆ ತಿದ್ದಿ 20 ಯಂತ್ರಗಳನ್ನು ಒಂದೇ ಬಾಗಿದ ಗೆರೆಯಲ್ಲಿ ನಿಲ್ಲಿಸಿದರು. ಅರ್ಧ ಪಾಲು 8 ಸಾವಿರಕ್ಕೂ ಹೆಚ್ಚು ಜನ ಸೇರಿ ಕಟ್ಟಿದ ಸಹಕಾರ ಸಂಘದ್ದು. ಅಡಿಕೆ ಬೆಳೆಗಾರರು 1973ರಲ್ಲಿ ತಮ್ಮದೇ ಸಹಕಾರ ಸಂಸ್ಥೆ ಕ್ಯಾಂಪ್ಕೊ ಕಟ್ಟಿದ ಊರಿಗೆ ಈ ಮಾತು ಬಿಡಿಸಿ ಹೇಳಬೇಕಾಗಿಲ್ಲ. ತಮ್ಮದೇ ಷೇರು ತಿರುಗುತ್ತಿದ್ದರೆ ವೂಶ್ ಸದ್ದು ಸ್ವಲ್ಪ ಬೇರೆಯಾಗಿ ಕೇಳುತ್ತದೋ ಏನೋ!

ಎರಡೂ ಶ್ರೀಮಂತ ದೇಶದ ಕಥೆಗಳು, ನಮಗೆ ಹಾಗೆಯೇ ಅನ್ವಯಿಸುವುದಿಲ್ಲ. ನಮ್ಮಲ್ಲಿ ಊರವರಿಗೆ ಇಷ್ಟು ಪಾಲು ಕೊಡಲೇಬೇಕು ಅನ್ನುವ ಕಾನೂನು ಇಲ್ಲ. ಡೆನ್ಮಾರ್ಕಿನಲ್ಲಿ 2008ರ ಕಾನೂನು ಶೇಕಡಾ 20 ಪಾಲನ್ನು ಸುತ್ತಲಿನವರಿಗೆ ಕೊಳ್ಳಲು ಕೊಡಿ ಅಂದಿತ್ತು.

ಪದವಿನಲ್ಲಿ ಒಂದು ಕಂಬ ಕಂಡರೆ

ನಾಳೆ ನಿಮ್ಮ ಊರಿನ ಪದವಿನಲ್ಲಿ ತೆಳ್ಳಗಿನ ಕಂಬ ಎದ್ದು, ಅದರಲ್ಲಿ ಬಟ್ಟಲುಗಳು ತಿರುಗುತ್ತಿದ್ದರೆ ಗಾಬರಿಯಾಗಬೇಕಾಗಿಲ್ಲ. ಅದು ಗಾಳಿ ಅಳೆಯುವ ಕಂಬ. ಯೋಜನೆಗೆ ಒಪ್ಪಿಗೆ ಸಿಕ್ಕಿದೆ ಅಂತ ಅರ್ಥವಲ್ಲ. ಅಳೆದ ಎಷ್ಟೋ ಜಾಗಗಳಲ್ಲಿ ಮುಂದೆ ಏನೂ ಆಗುವುದಿಲ್ಲ. ಆದರೆ ಕೇಳಲು ಒಳ್ಳೆಯ ಸಮಯ ಅದೇ, ಜೆಸಿಬಿ ಬಂದ ಮೇಲಲ್ಲ.

ಕೇಳುವುದಾದರೆ ಯಂತ್ರ ಎಲ್ಲಿ ನಿಲ್ಲುತ್ತದೆ ಅನ್ನುವುದರ ಜೊತೆಗೆ ಹತ್ತಿರದ ಮನೆ ಎಷ್ಟು ಮೀಟರ್ ಅಂತ ನಕ್ಷೆಯಲ್ಲಿ ತೋರಿಸಿ ಅನ್ನಬೇಕು. ಜಾಗ ಪಹಣಿಯಲ್ಲಿ ಯಾರ ಹೆಸರಲ್ಲಿದೆ, ಕುಮ್ಕಿಯೋ, ಕಾಡೋ ಅನ್ನುವುದು ಗ್ರಾಮ ಆಡಳಿತಾಧಿಕಾರಿಯ ಕಚೇರಿಯಲ್ಲೇ ಗೊತ್ತಾಗುತ್ತದೆ. ನಾಗಬನ, ದೈವಸ್ಥಾನದ ಜಾಗ ನಕ್ಷೆಯಲ್ಲಿ ಇರುವುದಿಲ್ಲ, ಊರ ಹತ್ತು ಸಮಸ್ತರೇ ತೋರಿಸಬೇಕು. ಯಂತ್ರದ ಆಯುಸ್ಸು 20ರಿಂದ 25 ವರ್ಷ. ವಿಂಡೆಬಿಯ 11 ಯಂತ್ರಗಳನ್ನು 2017ರಲ್ಲಿ ಬಿಚ್ಚಿ ಒಯ್ದರು. ಗೋಪುರದ ಉಕ್ಕು ಗುಜರಿಗೆ ಹೋಗುತ್ತದೆ, ಫೈಬರ್ ಗ್ಲಾಸ್ ರೆಕ್ಕೆಗೆ ಗಿರಾಕಿ ಸಿಗುವುದು ಕಷ್ಟ. ಹಾಗಾಗಿ ಬಿಚ್ಚುವವರು ಯಾರು, ಅದರ ಖರ್ಚು ಎಲ್ಲಿ ಬರೆದಿದೆ ಅಂತಲೂ ಕೇಳಬಹುದು.

ಮತ್ತೆ ಆ ತಂತಿ. ಗುಡ್ಡೆಯಿಂದ ಇಳಿದು ಅದು ಯಾರ ತೋಟದ ಮೇಲೆ ಹಾದು ಯಾವ ಸಬ್‌ಸ್ಟೇಷನ್‌ಗೆ ಹೋಗುತ್ತದೆ?